ರೇಷ್ಮೆಯ ನೂಲಿಗೆ ಜೋತುಬಿದ್ದ ಪ್ರಾಣ: ಪ್ಯಾರಾ ಪಡೆಗಳ ಪರಂಪರೆ ಮತ್ತು ನಮ್ಮ ಸೀಮೆ



ಸೇನೆಯಲ್ಲಿ ದುಡಿದು ಬಂದ ಹಿರಿಯರೊಬ್ಬರ ನೆನಪಿಗೆ ಮಕ್ಕಳು ಇಟ್ಟಿರುವ ದತ್ತಿ ಇದು. ಸೇನೆಗೆ ಸಂಬಂಧಪಟ್ಟ ಒಂದು ವಿಷಯವನ್ನು ಚಾಮರಾಜನಗರ, ಗುಂಡ್ಲುಪೇಟೆಯ ಈ ಸೀಮೆಯ ಜನಕ್ಕೆ ಹತ್ತಿರವಾಗುವಂತೆ ಹೇಳಬೇಕೆಂಬುದು ಅವರ ಅಪೇಕ್ಷೆ. ನಾನು ಆರಿಸಿಕೊಂಡಿರುವುದು ಪ್ಯಾರಾ ಪಡೆಯನ್ನು. ಹಾರುವ ವಿಮಾನದ ಬಾಗಿಲಿನಿಂದ ಧುಮುಕಿ, ಪ್ಯಾರಾಚೂಟಿನಲ್ಲಿ ಇಳಿದು, ಕಾಲೂರಿದ ಜಾಗದಲ್ಲೇ ಶತ್ರುವನ್ನು ಎದುರಿಸುವ ಸೈನಿಕರನ್ನು. ಬೆಂಗಳೂರಿನ ಜೆ.ಸಿ. ನಗರದ ಕಡೆ ಓಡಾಡಿದವರು ಕಡುಗೆಂಪು ಟೋಪಿ ತೊಟ್ಟ ಜವಾನರನ್ನು ಕಂಡಿರಬಹುದು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ 1992ರಲ್ಲಿ ಆಗ್ರಾದಿಂದ ಅಲ್ಲಿಗೆ ಬಂತು. ಇಡೀ ದೇಶದ ಪ್ಯಾರಾ ಸೈನಿಕರ ತವರುಮನೆ ಈಗ ನಮ್ಮ ರಾಜ್ಯದ ರಾಜಧಾನಿಯಲ್ಲೇ ಇದೆ.

ಈ ಪಡೆಯ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಬರುವುದು ಎದೆಗಾರಿಕೆಯ ಕಥೆ. ಅದು ನಿಜ, ಅದನ್ನು ನಾನೂ ಹೇಳುತ್ತೇನೆ. ಆದರೆ ಅಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಹೇಳಿದಂತೆ. ತಾನು ಕಂಡಿರದ, ಹೆಸರು ಕೇಳಿರದ ಎಷ್ಟೋ ಜನರ ಕೈಗೆಲಸವನ್ನು ನಂಬಿ ಪ್ರಾಣ ಒಪ್ಪಿಸುವುದು ಪ್ಯಾರಾ ಸೈನಿಕನ ಧೈರ್ಯದ ತಿರುಳು. ಒಂದು ಕಾಲದಲ್ಲಿ ಆ ಕೈಗಳಲ್ಲಿ ಕೆಲವು ನಮ್ಮ ಸೀಮೆಯ ರೇಷ್ಮೆ ಬೆಳೆಗಾರರವು, ನೂಲು ತೆಗೆಯುವವರವು. ಇದನ್ನು ನಾವು ಮರೆತಿದ್ದೇವೆ. ಆ ಮರೆವಿನ ಬಗ್ಗೆ ನನಗೆ ನೋವಿದೆ. ಈ ಉಪನ್ಯಾಸಕ್ಕೆ ಒಪ್ಪಿಕೊಂಡದ್ದೇ ಆ ಕಾರಣಕ್ಕೆ.

ಮೊದಲು ಇತಿಹಾಸವನ್ನು ಚುರುಕಾಗಿ ನೋಡಿಬಿಡೋಣ. ಸೈನಿಕರನ್ನು ಗುಂಪುಗುಂಪಾಗಿ ಆಕಾಶದಿಂದ ಇಳಿಸಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವರು ರಷ್ಯನ್ನರು, 1935ರಲ್ಲಿ ಕೀವ್ ಬಳಿ ನಡೆಸಿದ ಸೇನಾ ತಾಲೀಮಿನಲ್ಲಿ. ಅದನ್ನು ಯುದ್ಧದಲ್ಲಿ ಬಳಸಿ ಯುರೋಪನ್ನು ನಡುಗಿಸಿದವರು ಜರ್ಮನರು. 1940ರ ಜೂನ್ ತಿಂಗಳಲ್ಲಿ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ನಮಗೂ 5,000 ಜನರ ಪ್ಯಾರಾಚೂಟ್ ಪಡೆ ಬೇಕೆಂದು ಬರೆದರು. 1941ರ ಮೇ ತಿಂಗಳಲ್ಲಿ ಜರ್ಮನರು ಕ್ರೀಟ್ ದ್ವೀಪವನ್ನು ಆಕಾಶದಿಂದಲೇ ಗೆದ್ದುಕೊಂಡರು. ಗೆದ್ದರೂ ಸಾವಿರಾರು ಜನರನ್ನು ಕಳೆದುಕೊಂಡು, ಅಂಥ ದೊಡ್ಡ ಧುಮುಕಾಟಕ್ಕೆ ಮತ್ತೆ ಕೈಹಾಕಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೇ ಭಾರತೀಯ ಪ್ಯಾರಾಚೂಟ್ ಬ್ರಿಗೇಡ್ ಹುಟ್ಟಿತು. ಬ್ರಿಟಿಷರದೊಂದು, ಭಾರತೀಯರದೊಂದು, ಗೂರ್ಖಾಗಳದೊಂದು, ಹೀಗೆ 3 ಪಲ್ಟನ್ನುಗಳು.

ಆ ವರ್ಷ ಪ್ಯಾರಾಚೂಟಿನಲ್ಲಿ ಧುಮುಕಿದ ಮೊದಲ ಭಾರತೀಯ ಅಧಿಕಾರಿ ಎ.ಜಿ. ರಂಗರಾಜ್, ಸೇನೆಯ ಡಾಕ್ಟರು. ಭಾರತೀಯ ಅಧಿಕಾರಿಗಳ ಪೈಕಿ ಬಂದೂಕು ಹಿಡಿಯುವವರಿಗಿಂತ ಮೊದಲು ಗಾಯಕ್ಕೆ ಪಟ್ಟಿ ಕಟ್ಟುವವರೊಬ್ಬರು ಆಕಾಶದಿಂದ ಇಳಿದರು. ಅವರ ಮಾತು ಮತ್ತೆ ಬರುತ್ತದೆ.

ಶುರುವಿನಲ್ಲಿ ಈ ಬ್ರಿಗೇಡಿಗೆ ದೊಡ್ಡ ತೊಡಕಾದದ್ದು ಪ್ಯಾರಾಚೂಟಿನ ಕೊರತೆ. ಜನ ಇದ್ದರು, ಹುರುಪಿತ್ತು, ಧುಮುಕಲು ಪ್ಯಾರಾಚೂಟುಗಳೇ ಬೆರಳೆಣಿಕೆಯಷ್ಟು. ಪ್ಯಾರಾಚೂಟಿಗೆ ಆಗ ಒಳ್ಳೆಯ ಬಟ್ಟೆಯೆಂದರೆ ರೇಷ್ಮೆ. ಹಗುರ, ಗಟ್ಟಿ, ಸಣ್ಣದಾಗಿ ಮಡಚಬಹುದು, ಬಿಚ್ಚಿದ ಕೂಡಲೆ ಅಂಟಿಕೊಳ್ಳದೆ ಗಾಳಿ ತುಂಬಿಕೊಳ್ಳುತ್ತದೆ. ಜಗತ್ತಿನ ರೇಷ್ಮೆಯ ಬಹುಭಾಗ ಬರುತ್ತಿದ್ದದ್ದು ಜಪಾನಿನಿಂದ. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕಿಳಿಯಿತು, ಆ ದಾರಿ ಮುಚ್ಚಿತು. ಆಗ ಸರ್ಕಾರದ ಕಣ್ಣು ಬಿದ್ದದ್ದು ಕಾಶ್ಮೀರ, ಬಂಗಾಳ ಮತ್ತು ಮೈಸೂರಿನ ಮೇಲೆ. ಮೈಸೂರೆಂದರೆ ಸಂಸ್ಥಾನವೂ ಸೇರಿ, ಪಕ್ಕದ ಕೊಳ್ಳೇಗಾಲವೂ ಸೇರಿ. ಕೊಳ್ಳೇಗಾಲ ಆಗಿನ್ನೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮದ್ರಾಸಿನವರು ರೇಷ್ಮೆ ಎಂದರೆ ಕೊಳ್ಳೇಗಾಲದ ಕಡೆಗೇ ಕೈತೋರಿಸುತ್ತಿದ್ದರು. 1956ರ ನವೆಂಬರ್ 1ಕ್ಕೆ ಅದು ಕನ್ನಡದ ರಾಜ್ಯಕ್ಕೆ ಬಂತು. 1997ರಲ್ಲಿ ಚಾಮರಾಜನಗರ ಜಿಲ್ಲೆಯಾದಾಗ ನಮ್ಮದಾಯಿತು.

ಆ ಹೊತ್ತಿಗೆ ನಮ್ಮ ರೇಷ್ಮೆಯ ಸ್ಥಿತಿ ಹೇಗಿತ್ತು ಎಂಬುದನ್ನೂ ಹೇಳಬೇಕು. 1930ರ ಆಸುಪಾಸಿನ ಜಾಗತಿಕ ಕುಸಿತದಲ್ಲಿ ಹೊರದೇಶದ ಅಗ್ಗದ ರೇಷ್ಮೆ ನುಗ್ಗಿ ಇಲ್ಲಿಯ ಬೆಳೆಗಾರರ ಬೆನ್ನು ಮುರಿದಿತ್ತು. ಎಷ್ಟೋ ಜನ ಹಿಪ್ಪುನೇರಳೆ ಕಿತ್ತು ರಾಗಿ, ಜೋಳ ಹಾಕಿದರು. 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ಬಂದಮೇಲೆ ಸ್ವಲ್ಪ ಉಸಿರು ಬಂತು. ಸಂಸ್ಥಾನದವರು ಆ ದಶಕದಲ್ಲಿ ತಿರುಮಕೂಡಲು ನರಸೀಪುರದ ಫಿಲೇಚರು, ಅಂದರೆ ಗೂಡಿನಿಂದ ನೂಲು ತೆಗೆಯುವ ಕಾರ್ಖಾನೆ, ಚನ್ನಪಟ್ಟಣದ ನೂಲಿನ ಗಿರಣಿ ಎಂದು ಕಟ್ಟಿಸಿ ಬೆಂಬಲಕ್ಕೆ ನಿಂತಿದ್ದರು. ಸೋತು ಕುಳಿತಿದ್ದ ಕಸುಬಿನ ಬಾಗಿಲಿಗೆ ಮಹಾಯುದ್ಧ ಬಂದು ನಿಂತದ್ದು ಹೀಗೆ.

ಪ್ಯಾರಾಚೂಟಿಗೆ ಎಂಥ ನೂಲು ಬೇಕು ಎಂಬುದನ್ನು ಇಲ್ಲಿರುವ ರೇಷ್ಮೆ ಮನೆಗಳವರಿಗೆ ನಾನು ವಿವರಿಸಬೇಕಿಲ್ಲ. ಚರಕದ ಮೇಲೆ ಕೈಯಲ್ಲಿ ತಿರುಗಿಸಿದ ನೂಲು ಒಂದು ಮಾರು ದಪ್ಪ, ಇನ್ನೊಂದು ಮಾರು ಸಣ್ಣ. ಸೀರೆಯ ಸೆರಗಿಗೆ ಅದೇ ಒಂದು ಚೆಲುವಾಗಬಹುದು. ಮನುಷ್ಯನ ಭಾರ ಹೊರುವ ಬಟ್ಟೆಗೆ ಅದು ಸಲ್ಲದು. ತೆಳುವಾದ ಕಡೆ ಹರಿದರೆ ಮುಗಿಯಿತು. ಹಾಗಾಗಿ ಫಿಲೇಚರ್ ನೂಲಿಗೆ ಬೆಲೆ ಬಂತು. ಕುದಿವ ನೀರಿನ ಬಾನಿಯ ಮುಂದೆ ಕುಳಿತು, ಬೆಂದ ಗೂಡಿನ ಎಳೆಯ ತುದಿಯನ್ನು ಹುಡುಕಿ, ಹಲವು ಗೂಡಿನ ಎಳೆಗಳನ್ನು ಒಂದಾಗಿ ಸೇರಿಸಿ, ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ಎಳೆಯನ್ನು ಗುರುತಾಗದ ಹಾಗೆ ಅಂಟಿಸಬೇಕು. ಕಣ್ಣು ಒಂದು ಗಳಿಗೆ ಅತ್ತ ಹೋದರೆ ನೂಲು ತೆಳುವಾಗುತ್ತದೆ. ಈ ಕೆಲಸದಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಇಡೀ ದಿನ ಬಿಸಿನೀರಿನಲ್ಲಿ ನೆಂದ ಅವರ ಬೆರಳ ತುದಿ ಬೆಂದು ಸುಲಿದು ಹೋಗಿರುತ್ತಿತ್ತು.

ಅದಕ್ಕೂ ಮುಂಚೆ ಹುಳು ಸಾಕಿದ ಮನೆಗಳ ಪಾಡನ್ನು ನೆನೆಯಿರಿ. ಮೊಟ್ಟೆ ಒಡೆದ ದಿನದಿಂದ ಹುಳು ಹಣ್ಣಾಗಿ ಗೂಡು ಕಟ್ಟಲು ಚಂದ್ರಂಕಿಗೆ ಹತ್ತುವವರೆಗೆ ಮನೆಮಂದಿಗೆ ಸರಿಯಾದ ನಿದ್ದೆಯಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಪೊರೆ ಬಿಟ್ಟು ಏಳಬೇಕು. ಸೊಪ್ಪಿನಲ್ಲಿ ನೀರಿದ್ದರೆ ಕಷ್ಟ, ಒಣಗಿದ್ದರೆ ಕಷ್ಟ. ನಮ್ಮ ಅಜ್ಜಿಯ ಮನೆಯಲ್ಲಿ ಹುಳದ ಕಾಲಕ್ಕೆ ಮಕ್ಕಳು ಜಗುಲಿಯಲ್ಲಿ ಮಲಗುತ್ತಿದ್ದೆವು, ಒಳಗಿನ ಬೆಚ್ಚನೆಯ ಕೋಣೆ ಹುಳದ ತಟ್ಟೆಗಳಿಗೆ ಮೀಸಲು.

ಆ ಕಾಲದ ಬ್ರಿಟಿಷ್ ಪ್ಯಾರಾಚೂಟಿನ ಬಟ್ಟೆ 28 ಅಡಿ ಅಗಲದ ವೃತ್ತ. ಲೆಕ್ಕ ಹಾಕಿದರೆ ಒಂದು ಪ್ಯಾರಾಚೂಟಿಗೆ ಹೆಚ್ಚುಕಡಿಮೆ ಒಂಬತ್ತು ಸೀರೆಯಷ್ಟು ಬಟ್ಟೆ. ಯುದ್ಧದ ವರ್ಷಗಳಲ್ಲಿ ಕಚ್ಚಾ ರೇಷ್ಮೆಯ ಬೆಲೆ ಏರಿತು, ಹಿಪ್ಪುನೇರಳೆಯ ತೋಟಗಳು ಹಬ್ಬಿದವು, ಸರ್ಕಾರವೇ ಮುಂದೆ ನಿಂತು ನೂಲು ಕೊಂಡಿತು. 1941ರಲ್ಲೇ ಕಾನ್ಪುರದಲ್ಲಿ ಪ್ಯಾರಾಚೂಟ್ ಕಾರ್ಖಾನೆ ಶುರುವಾಗಿತ್ತು. ನೂಲಿನ ಮೇಲೆ ಊರಿನ ಹೆಸರಿರುವುದಿಲ್ಲ. ಹತ್ತು ಕಡೆಯ ನೂಲು ಬೆರೆತು ಒಂದೇ ಬಟ್ಟೆಯಾಗುತ್ತದೆ. ಸೈನಿಕನಿಗೆ ತನ್ನ ತಲೆಯ ಮೇಲೆ ಅರಳಿದ್ದು ಯಾವ ಸೀಮೆಯ ಹಿಪ್ಪುನೇರಳೆ ಎಂದು ತಿಳಿಯುವ ದಾರಿಯಿರಲಿಲ್ಲ. ಬಾನಿಯ ಮುಂದೆ ಕುಳಿತವಳಿಗೂ ತನ್ನ ನೂಲು ಯಾರನ್ನು ಉಳಿಸಿತು ಎಂದು ತಿಳಿಯುವ ದಾರಿಯಿರಲಿಲ್ಲ.

ರೇಷ್ಮೆ ಸಾಲದೆ ಹೋದಾಗ ಏನು ಮಾಡಿದರು ಎಂಬುದೂ ಸೊಗಸಾದ ಕಥೆ. ಬರ್ಮಾದ ಕಾಡಿನಲ್ಲಿ ಹೋರಾಡುತ್ತಿದ್ದ 14ನೇ ಸೇನೆಯ ಜನರಲ್ ಸ್ಲಿಮ್ ಅವರಿಗೆ ಮದ್ದುಗುಂಡು, ಅಕ್ಕಿ, ಔಷಧಿಗಳನ್ನು ವಿಮಾನದಿಂದ ಇಳಿಸಲು ಪ್ಯಾರಾಚೂಟುಗಳು ಬೇಕಿದ್ದವು. ಇಂಗ್ಲೆಂಡಿನಿಂದ ಬರುವ ಸೂಚನೆ ಇರಲಿಲ್ಲ. ಕಲ್ಕತ್ತೆಯ ಗೋಣಿ ಗಿರಣಿಗಳವರನ್ನು ಹಿಡಿದು ಸೆಣಬಿನಲ್ಲಿ ಪ್ಯಾರಾಚೂಟು ಮಾಡಿಸಿದರು. ಒಂದಕ್ಕೆ ಬಿದ್ದ ಖರ್ಚು ಒಂದು ಪೌಂಡಿನಷ್ಟು. ಮಾಮೂಲಿ ಪ್ಯಾರಾಚೂಟಿಗೆ 20 ಪೌಂಡು. ಮನುಷ್ಯರಿಗೆ ಅದನ್ನು ಕಟ್ಟುವ ಹಾಗಿರಲಿಲ್ಲ, ಅಕ್ಕಿ ಮೂಟೆಗೆ ಸಾಕಾಯಿತು. ಕಾಡಿನ ನಡುವೆ ಸಿಕ್ಕಿಬಿದ್ದ ಸೈನಿಕರು ಆ ಅಕ್ಕಿಯಲ್ಲಿ ಬದುಕಿದರು.

ಅಷ್ಟರಲ್ಲಿ ಅಮೆರಿಕದಿಂದ ನೈಲಾನ್ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಪ್ಯಾರಾಚೂಟಿನ ಬಟ್ಟೆಯ ಜಾಗವನ್ನು ಅದು ಹಿಡಿದುಕೊಂಡಿತ್ತು. ಸೇನೆಗೆ ರೇಷ್ಮೆ ಬೇಡವಾಯಿತು, ಬೆಲೆ ಬಿತ್ತು, ಯುದ್ಧದ ಬೇಡಿಕೆ ನಂಬಿ ಸೊಪ್ಪು ಹಾಕಿದವರು ಕೈಸುಟ್ಟುಕೊಂಡರು. ಕಸುಬನ್ನು ಎತ್ತಿಹಿಡಿಯಲು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂತು. ನಮ್ಮ ಜಿಲ್ಲೆಯ ಕೊಳ್ಳೇಗಾಲ, ಮಾಂಬಳ್ಳಿ, ಸಂತೇಮರಹಳ್ಳಿ, ಚಾಮರಾಜನಗರಗಳಲ್ಲಿ ನೀವು ಕಂಡ ಸರ್ಕಾರಿ ಫಿಲೇಚರುಗಳ ಹಿಂದೆ ಇಷ್ಟು ದೊಡ್ಡ ಕಥೆಯಿದೆ.

ಈಗ ಧುಮುಕುವ ಕೆಲಸಕ್ಕೆ ಬರುತ್ತೇನೆ. ಪ್ಯಾರಾ ಸೈನಿಕನಾಗಲು ಯಾರನ್ನೂ ಬಲವಂತ ಮಾಡುವುದಿಲ್ಲ. ಸಿಪಾಯಿಯಿಂದ ಅಧಿಕಾರಿಯವರೆಗೆ ಎಲ್ಲರೂ ತಾವಾಗಿ ಕೇಳಿ ಬಂದವರು. ಬಂದವರನ್ನು ತಿಂಗಳುಗಟ್ಟಲೆ ಪರೀಕ್ಷೆಗೆ ಒಡ್ಡುತ್ತಾರೆ. ಬಹಳಷ್ಟು ಜನ ಅಲ್ಲಿಂದಲೇ ಹಿಂದಿರುಗುತ್ತಾರೆ. ಅದರಲ್ಲಿ ಗೆದ್ದವರು ಆಗ್ರಾದಲ್ಲಿ ವಾಯುಪಡೆ ನಡೆಸುವ ಶಾಲೆಯಲ್ಲಿ ಧುಮುಕಲು ಕಲಿಯುತ್ತಾರೆ. ರಾತ್ರಿಯದೊಂದು ಸೇರಿ 5 ಸಲ ಧುಮುಕಿದರೆ ಎದೆಯ ಮೇಲೆ ರೆಕ್ಕೆಯ ಬಿಲ್ಲೆ.

ಬೆನ್ನಿಗೆ ದೊಡ್ಡ ಪ್ಯಾರಾಚೂಟು, ಎದೆಗೆ ಆಪತ್ತಿಗೊಂದು ಸಣ್ಣದು. ವಿಮಾನದೊಳಗೆ ಎಳೆದು ಕಟ್ಟಿದ ತಂತಿಗೆ ಪ್ರತಿಯೊಬ್ಬನ ಪಟ್ಟಿಯ ಕೊಕ್ಕೆಯನ್ನು ಸಿಕ್ಕಿಸುತ್ತಾರೆ. ಪ್ರತಿಯೊಬ್ಬನೂ ತನ್ನ ಮುಂದಿರುವವನ ಬೆನ್ನಿನ ಕಟ್ಟುಗಳನ್ನು ಮುಟ್ಟಿ ನೋಡುತ್ತಾನೆ. ಹಾಗೆ ನೋಡುವವನ ಬೆನ್ನನ್ನು ಅವನ ಹಿಂದಿನವನು ನೋಡುತ್ತಾನೆ. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಯಾರಿಗೂ ಆಗದು. ಬಾಗಿಲ ಬಳಿ ಕೆಂಪು ದೀಪ, ಆಮೇಲೆ ಹಸಿರು. ಹೊರಗೆ ಕಾಲಿಟ್ಟ ಮೇಲೆ ತಂತಿಗೆ ಸಿಕ್ಕಿಸಿದ ಪಟ್ಟಿ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತದೆ. ಆ ಪ್ಯಾರಾಚೂಟನ್ನು ಮಡಿಸಿದವನು ಬೇರೆಲ್ಲೋ ಇದ್ದಾನೆ. ಒಂದು ಹಗ್ಗ ತಪ್ಪು ಸುತ್ತಿದ್ದರೂ ಜೀವ ಹೋಯಿತು. ಅದಕ್ಕೇ ಪ್ರತಿ ಪ್ಯಾರಾಚೂಟಿನ ದಾಖಲೆಯಲ್ಲೂ ಮಡಿಸಿದವನ ಸಹಿ ಇರುತ್ತದೆ. ಈ ಪಡೆಯ ಎಲ್ಲ ಆಚರಣೆಗಳಲ್ಲಿ, ಕಡುಗೆಂಪು ಟೋಪಿ, ರೆಕ್ಕೆಯ ಬಿಲ್ಲೆ, ಶತ್ರುಜೀತ್ ಎಂಬ ಬಿರುದು ಎಲ್ಲದರಲ್ಲಿ, ನನಗೆ ಅತ್ಯಂತ ಪವಿತ್ರವಾಗಿ ಕಾಣುವುದು ಆ ಸಹಿ.

ಇಷ್ಟೆಲ್ಲ ತಾಲೀಮಾದರೂ ಯುದ್ಧದಲ್ಲಿ ಧುಮುಕುವ ಅವಕಾಶ ಭಾರತದ ಪ್ಯಾರಾ ಸೈನಿಕರಿಗೆ ಸಿಕ್ಕಿದ್ದು ತೀರ ಕಡಿಮೆ. ಅವರ ಮೊದಲ ದೊಡ್ಡ ಕಾಳಗ ನೆಲದ ಮೇಲೆಯೇ ನಡೆಯಿತು. 1944ರ ಮಾರ್ಚಿನಲ್ಲಿ ಮಣಿಪುರದ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿಯಲ್ಲಿ 50ನೇ ಬ್ರಿಗೇಡು ಕೊಹಿಮಾದ ಕಡೆ ನುಗ್ಗುತ್ತಿದ್ದ ಜಪಾನೀ ಸೇನೆಗೆ ಎದುರಾಯಿತು. ಮುಳ್ಳುತಂತಿಯಿಲ್ಲ, ಕುಡಿಯಲು ನೀರಿಲ್ಲ, ಗುಡ್ಡದ ಮೇಲಿನ ಜಾಗ ಎಷ್ಟು ಸಣ್ಣದೆಂದರೆ ವಿಮಾನದಿಂದ ಎಸೆದ ಸಾಮಾನು ಬಹುಪಾಲು ಶತ್ರುವಿನ ಕಡೆ ಬಿತ್ತು. ಅವರ ಜೊತೆಗೆ ಮರಾಠಾ ರೆಜಿಮೆಂಟಿನ ಪಲ್ಟನ್ನೊಂದಿತ್ತು. ಆ ರೆಜಿಮೆಂಟಿನ ಕೇಂದ್ರ ನಮ್ಮ ಬೆಳಗಾವಿ. ದಿನದಿನಕ್ಕೂ ಸಾಯುತ್ತ ಅವರು ಜಪಾನೀಯರನ್ನು ತಡೆದು ನಿಲ್ಲಿಸಿದರು, ಮಾರ್ಚ್ 26ರ ರಾತ್ರಿ ಹಿಂದಕ್ಕೆ ಬಂದರು. ಆ ದಿನಗಳಲ್ಲಿ ಇಂಫಾಲ ಮತ್ತು ಕೊಹಿಮಾಗಳಿಗೆ ಸಜ್ಜಾಗಲು ಸಮಯ ಸಿಕ್ಕಿತು.

ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಲ್ಲಿ ಅದೇ ಬ್ರಿಗೇಡು ಪಾಕಿಸ್ತಾನದೊಡನೆ ನಡೆದ ಕಾಶ್ಮೀರದ ಯುದ್ಧದಲ್ಲಿ ಜಮ್ಮುವಿನ ನೌಶೇರಾದಲ್ಲಿತ್ತು. ಮುಖ್ಯಸ್ಥರು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್. ಅವರ ಮೇಲಧಿಕಾರಿ ಕೊಡಗಿನ ಕೆ.ಎಂ. ಕಾರ್ಯಪ್ಪ. ಕಾರ್ಯಪ್ಪನವರು ನೌಶೇರಾಕ್ಕೆ ಬಂದವರು ತಮಗೊಂದು ಉಡುಗೊರೆ ಬೇಕು ಎಂದರಂತೆ. ಏನೆಂದು ಕೇಳಿದರೆ, ಎದುರಿಗೆ ಶತ್ರುವಿನ ಕೈಯಲ್ಲಿದ್ದ ಕೋಟ್ ಎಂಬ ಎತ್ತರದ ಜಾಗವನ್ನು ತೋರಿಸಿದರು. 1948ರ ಫೆಬ್ರವರಿಯ ಆರಂಭದಲ್ಲಿ ಉಸ್ಮಾನ್ ಅದನ್ನು ಗೆದ್ದುಕೊಟ್ಟರು. ಆ ಕಾರ್ಯಾಚರಣೆಗೆ ಅವರಿಟ್ಟ ಹೆಸರು ಕಿಪ್ಪರ್. ಗೆಳೆಯರು ಕಾರ್ಯಪ್ಪನವರನ್ನು ಕರೆಯುತ್ತಿದ್ದ ಹೆಸರದು. ಶತ್ರುವಿನ ಪಾಲಾಗಿದ್ದ ಝಂಗಡ್ ಎಂಬ ಊರು ಮರಳಿ ಸಿಗುವವರೆಗೆ ಮಂಚದ ಮೇಲೆ ಮಲಗುವುದಿಲ್ಲವೆಂದು ಪಣ ತೊಟ್ಟಿದ್ದ ಉಸ್ಮಾನ್, ಮಾರ್ಚಿನಲ್ಲಿ ಅದನ್ನೂ ಗೆದ್ದು, ಜುಲೈ 3ರಂದು ಅಲ್ಲಿಯೇ ಶೆಲ್ ಬಿದ್ದು ಪ್ರಾಣಬಿಟ್ಟರು. ಮರಣಾನಂತರ ಮಹಾವೀರ ಚಕ್ರ. 1952ರ ಏಪ್ರಿಲ್ 15ಕ್ಕೆ ಪ್ಯಾರಾಚೂಟ್ ರೆಜಿಮೆಂಟ್ ಒಂದು ರೆಜಿಮೆಂಟಾಗಿ ನಿಂತಾಗ ಸೇನೆಯ ಮಹಾದಂಡನಾಯಕರು ಅದೇ ಕಾರ್ಯಪ್ಪನವರು. ಬೆಳಗಾವಿಯ ಮರಾಠಾ ರೆಜಿಮೆಂಟಿನ 3ನೇ ಪಲ್ಟನ್ನು ಅಂದಿನಿಂದ 2 ಪ್ಯಾರಾ ಆಯಿತು.

ಆ 2 ಪ್ಯಾರಾ ಬಾಂಗ್ಲಾ ವಿಮೋಚನೆಯ ಯುದ್ಧದಲ್ಲಿ, 1971ರ ಡಿಸೆಂಬರ್ 11ರ ಸಂಜೆ, ಪೂರ್ವ ಬಂಗಾಳದ ಟಾಂಗೈಲಿನಲ್ಲಿ ಧುಮುಕಿತು. ಲೆಫ್ಟಿನೆಂಟ್ ಕರ್ನಲ್ ಕುಲವಂತ್ ಸಿಂಗ್ ಪನ್ನು ಅವರ ಹಿಂದೆ ಒಂದು ಪಲ್ಟನ್ನಿನಷ್ಟು ಜನ. ಕೆಲಸ ಸ್ಪಷ್ಟವಾಗಿತ್ತು: ಲೋಹಜಂಗ್ ನದಿಯ ಪೂಂಗ್ಲಿ ಸೇತುವೆಯನ್ನು ಹಿಡಿದು, ಮೈಮೆನ್‌ಸಿಂಗಿನಿಂದ ಢಾಕಾದ ಕಡೆ ಹಿಮ್ಮೆಟ್ಟುತ್ತಿದ್ದ ಪಾಕಿಸ್ತಾನಿ ಬ್ರಿಗೇಡಿನ ದಾರಿ ಕಡಿಯಬೇಕು. ಆ ಸುತ್ತಲಿನಲ್ಲಿ ಕಾದೇರ್ ಸಿದ್ದೀಕಿಯ ಮುಕ್ತಿವಾಹಿನಿಯ ಹುಡುಗರಿದ್ದರು; ಜಾಗ ಗುರುತಿಸಲು ಒಬ್ಬ ಭಾರತೀಯ ಕ್ಯಾಪ್ಟನ್ ಮೊದಲೇ ಗುಟ್ಟಾಗಿ ಹೋಗಿ ಅವರೊಡನೆ ಸೇರಿಕೊಂಡಿದ್ದರು. ಸೈನಿಕರು ಇಳಿದ ಗದ್ದೆಗಳಿಗೆ ಊರಿನವರು ಓಡಿ ಬಂದರು, ಮದ್ದುಗುಂಡಿನ ಪೆಟ್ಟಿಗೆಗಳಿಗೆ ಹೆಗಲು ಕೊಟ್ಟರು. ಅಂದು ರಾತ್ರಿಯೇ ಸೇತುವೆ ಕೈಗೆ ಬಂತು. ಮರುದಿನ ಸಂಜೆ ಭೂಮಾರ್ಗದಲ್ಲಿ ಬಂದು ಅವರನ್ನು ಕೂಡಿಕೊಂಡದ್ದು 1 ಮರಾಠಾ. ಬೆಳಗಾವಿಯ ಒಂದೇ ಮನೆಯ ಎರಡು ಪಲ್ಟನ್ನುಗಳು, ಒಂದು ಆಕಾಶದಿಂದ, ಇನ್ನೊಂದು ನೆಲದಿಂದ ಬಂದು ಬಂಗಾಳದ ಒಂದು ಸೇತುವೆಯ ಬಳಿ ಕೂಡಿದವು. ಐದೇ ದಿನಕ್ಕೆ, ಡಿಸೆಂಬರ್ 16ರಂದು, ಢಾಕಾ ನಗರಕ್ಕೆ ಮೊದಲು ಕಾಲಿಟ್ಟ ಭಾರತೀಯ ಪಲ್ಟನ್ನು 2 ಪ್ಯಾರಾ.

ಇನ್ನು ಡಾಕ್ಟರ್ ರಂಗರಾಜ್. ನಾನು ಗೌರವಿಸುವ ಪ್ಯಾರಾ ಸೈನಿಕರಲ್ಲಿ ಮೊದಲ ಹೆಸರು ಅವರದು. 1950ರ ನವೆಂಬರಿನಲ್ಲಿ ಅವರು 60 ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಎಂಬ ಸೇನಾ ಆಸ್ಪತ್ರೆಯನ್ನು ಯುದ್ಧ ನಡೆಯುತ್ತಿದ್ದ ಕೊರಿಯಾಕ್ಕೆ ಕರೆದೊಯ್ದರು. ಹೋದ ಸ್ವಲ್ಪ ದಿನಕ್ಕೇ ಚೀನೀ ಸೇನೆ ನುಗ್ಗಿ ಎಲ್ಲರೂ ಪ್ಯೊಂಗ್ಯಾಂಗ್ ಬಿಟ್ಟು ಓಡಬೇಕಾಯಿತು. ಆಸ್ಪತ್ರೆಯ ಸಾಮಾನು ಬಿಟ್ಟು ಬನ್ನಿ ಎಂದರೆ ರಂಗರಾಜ್ ಕೇಳಲಿಲ್ಲ. ಸಾಮಾನಿಲ್ಲದೆ ಆಸ್ಪತ್ರೆ ಯಾಕೆ? ಅನಾಥವಾಗಿ ನಿಂತಿದ್ದ ಒಂದು ಉಗಿಬಂಡಿಯ ಇಂಜಿನ್ನು ಸಿಕ್ಕಿತು. ಜವಾನರು ಸಾಲಾಗಿ ನಿಂತು ಬಕೆಟ್ಟಿನಿಂದ ಅದಕ್ಕೆ ನೀರು ತುಂಬಿದರು, ಇಂಜಿನ್ ಕೆಲಸ ಗೊತ್ತಿದ್ದ ತಮ್ಮವರೇ ಅದನ್ನು ಓಡಿಸಿದರು, ಸೇತುವೆಯನ್ನು ಸಿಡಿಸುವ ಮೊದಲೇ ಇಡೀ ಆಸ್ಪತ್ರೆಯನ್ನು ದಾಟಿಸಿಬಿಟ್ಟರು. 1951ರ ಮಾರ್ಚ್ 23ರಂದು ಮುನ್ಸಾನ್ ಬಳಿ ಅಮೆರಿಕದ ಪ್ಯಾರಾ ಪಡೆಯೊಡನೆ ಈ ಆಸ್ಪತ್ರೆಯ 12 ಜನ ಧುಮುಕಿದರು. ಇಳಿದ ಜಾಗದಲ್ಲೇ ಗಾಯಾಳುಗಳ ಆರೈಕೆ, ಶಸ್ತ್ರಚಿಕಿತ್ಸೆ. ರಂಗರಾಜ್ ಅವರಿಗೂ ಮಹಾವೀರ ಚಕ್ರ ಸಂದಿತು. ಅದೇ ಘಟಕ 2023ರ ಫೆಬ್ರವರಿಯ ಭೂಕಂಪದ ನಂತರ ತುರ್ಕಿಯ ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ತೆರೆಯಿತು. ಅಲ್ಲಿಯ ಜನ ಕಣ್ಣೀರಿನಿಂದ ಅವರನ್ನು ಬೀಳ್ಕೊಟ್ಟರು.

ಗುಂಡ್ಲುಪೇಟೆಯಲ್ಲಿ ನಿಂತು ಆಕಾಶದಿಂದ ಬರುವ ನೆರವಿನ ಮಾತಾಡುವಾಗ 2019ರ ಫೆಬ್ರವರಿಯನ್ನು ಬಿಡಲಾಗದು. ಬಂಡೀಪುರ ಹೊತ್ತಿ ಉರಿದ ಆ ದಿನಗಳು ನಿಮಗೆ ನೆನಪಿವೆ. ಗೋಪಾಲಸ್ವಾಮಿ ಬೆಟ್ಟದ ಸುತ್ತಿನ ಹೊಗೆ, ಒಣಗಿದ ಲಂಟಾನದ ಪೊದೆಗಳಲ್ಲಿ ಹಾರಿ ಹಾರಿ ಹೋದ ಬೆಂಕಿ, ಸೊಪ್ಪು ಹಿಡಿದು ಬಡಿಯುತ್ತ ಕಪ್ಪಾದ ವಾಚರ್‌ಗಳ ಮುಖ, ಊರೂರಿನಿಂದ ಓಡಿಬಂದ ಹುಡುಗರು. 25ರಂದು ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದು, ಜೋತುಬಿಟ್ಟ ದೊಡ್ಡ ಬಕೆಟ್ಟಿನಲ್ಲಿ ನೀರು ಎತ್ತಿ ಗುಡ್ಡಗಳ ಮೇಲೆ ಸುರಿದವು. ಅದಕ್ಕೆ 2 ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಸುಟ್ಟು ಸತ್ತಿದ್ದರು.

ಕಾಡಿನ ಬೆಂಕಿಗೂ ಪ್ಯಾರಾ ಪಡೆಗೂ ಹಳೆಯ ನಂಟಿದೆ. ಅಮೆರಿಕದ ಅರಣ್ಯ ಇಲಾಖೆ 1940ರ ಜುಲೈ ತಿಂಗಳಲ್ಲೇ, ರಸ್ತೆಯಿಲ್ಲದ ಗುಡ್ಡಗಾಡಿನ ಬೆಂಕಿಗೆ ಪ್ಯಾರಾಚೂಟಿನಲ್ಲಿ ಜನರನ್ನು ಇಳಿಸಿತ್ತು. ಅಮೆರಿಕದ ಸೇನೆ ತನ್ನ ಪ್ಯಾರಾ ಪಡೆ ಕಟ್ಟುವ ಮೊದಲು ಅವರಲ್ಲಿಗೆ ಅಧಿಕಾರಿಯೊಬ್ಬರನ್ನು ಕಳಿಸಿ ಕಲಿತುಕೊಂಡಿತು. 1945ರಲ್ಲಿ ಕಪ್ಪು ಸೈನಿಕರೇ ಇದ್ದ 555ನೇ ಪ್ಯಾರಾ ಪಲ್ಟನ್ನನ್ನು ಪಶ್ಚಿಮ ತೀರದ ಕಾಡುಗಳಿಗೆ ಕಳಿಸಿದರು. ಬಿಳಿಯರ ಜೊತೆ ಯುದ್ಧಕ್ಕೆ ಹೋಗಲು ಬಿಡದ ಆ ಕಾಲದಲ್ಲಿ ಅವರಿಗೆ ಸಿಕ್ಕ ಯುದ್ಧ ಕಾಡಿನ ಬೆಂಕಿಯ ಜೊತೆಗೆ. ಹತ್ತಾರು ಕಡೆ ಮರಗಳ ನಡುವೆ ಧುಮುಕಿ ಬೆಂಕಿ ಆರಿಸಿದರು. ಒಬ್ಬರು ಮರದಿಂದ ಬಿದ್ದು ಸತ್ತರು. ಜಪಾನು ಗಾಳಿಯಲ್ಲಿ ತೇಲಿಬಿಟ್ಟ ಬಲೂನುಬಾಂಬುಗಳು ಆ ಕಾಡುಗಳಿಗೆ ಬೆಂಕಿ ಹಚ್ಚುತ್ತವೆ ಎಂಬ ಭಯ ಅವರನ್ನು ಅಲ್ಲಿಗೆ ಕಳಿಸಿತ್ತು. ಆ ಬಲೂನುಗಳು ಕಾಗದದವು. ಕಾಗದ ಮಾಡಿದ್ದು ನಮ್ಮ ಹಿಪ್ಪುನೇರಳೆಯ ಸಂಬಂಧಿಯಾದ ಒಂದು ಗಿಡದ ನಾರಿನಿಂದ. ಪದರಕ್ಕೆ ಪದರ ಅಂಟಿಸಿದವರು ಶಾಲೆ ಬಿಡಿಸಿ ಕರೆತಂದ ಜಪಾನೀ ಹೆಣ್ಣುಮಕ್ಕಳು. ಅವರ ನೆನಪುಗಳನ್ನು ಜಪಾನಿನಲ್ಲಿ ಕೇಳಿ ಬರೆದಿಟ್ಟಿದ್ದಾರೆ. ಯುದ್ಧದಲ್ಲಿ ಸೋತ ದೇಶ ತನ್ನ ಹುಡುಗಿಯರ ಬೆರಳುಗಳ ಕಥೆಯನ್ನು ಉಳಿಸಿಕೊಂಡಿದೆ. ನಮ್ಮ ಕೊಳ್ಳೇಗಾಲದ, ನರಸೀಪುರದ ಬಾನಿಗಳ ಮುಂದೆ ಕುಳಿತವರ ಕಥೆ ನಮ್ಮ ಯಾವ ಶಾಲೆಯ ಪಾಠದಲ್ಲಿದೆ?

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಸೇನೆಗೆ ಹೋಗುವ ಆಸೆಯಿರುವವರಿಗೆ ನನ್ನ ಶುಭಾಶಯ. ಪ್ಯಾರಾ ಪಡೆಗೆ ನೀವೇ ಕೈಯೆತ್ತಿ ಹೋಗಬೇಕು, ಯಾರೂ ಕರೆಯುವುದಿಲ್ಲ ಎಂಬುದನ್ನು ತಿಳಿದಿರಿ. ಉಳಿದವರಿಗೂ ಕೆಲಸವಿದೆ. ಯುದ್ಧಕಾಲದಲ್ಲಿ ನೂಲು ತೆಗೆದವರು ಈಗ ಇಲ್ಲವಾಗಿದ್ದಾರೆ. ಅವರ ಬಾಯಿಂದ ಕೇಳಿದ ಮಕ್ಕಳು, ಸೊಸೆಯರು ಇದ್ದಾರೆ. ಆಮೇಲಿನ ವರ್ಷಗಳಲ್ಲಿ ಸರ್ಕಾರಿ ಫಿಲೇಚರುಗಳಲ್ಲಿ ಬೆರಳು ಸುಟ್ಟುಕೊಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಕಾಲೇಜಿನ ಇತಿಹಾಸ ವಿಭಾಗದವರು ಊರೂರಿಗೆ ಹೋಗಿ ಅವರನ್ನು ಮಾತಾಡಿಸಿ, ಬರೆದುಕೊಳ್ಳಿ, ಧ್ವನಿಮುದ್ರಿಸಿಕೊಳ್ಳಿ. ನಿಮ್ಮ ಹಳ್ಳಿಯಿಂದ ಸೇನೆಗೆ ಹೋದವರ ಹೆಸರು, ಪಲ್ಟನ್ನು, ಇದ್ದ ಜಾಗಗಳನ್ನು ಪಂಚಾಯಿತಿಯ ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ದಾಖಲಿಸಿ. ದತ್ತಿ ಇಟ್ಟಿರುವ ಕುಟುಂಬದವರಲ್ಲಿ ನನ್ನದೊಂದು ಕೋರಿಕೆ: ಮುಂದಿನ ವರ್ಷ ಈ ವೇದಿಕೆಗೆ ನನ್ನಂಥ ಉಪನ್ಯಾಸಕರ ಬದಲು ಫಿಲೇಚರಿನಲ್ಲಿ ದುಡಿದ ಒಬ್ಬ ತಾಯಿಯನ್ನು ಕರೆದು ಕೂರಿಸಿ, ಅವರು ಹೇಳಿದ್ದನ್ನು ಅಚ್ಚು ಮಾಡಿಸಿ ಹಂಚಿರಿ.